ಕೂದಲೆಳೆಯಷ್ಟು ಹಿಂದಕ್ಕೆ

ದೊಮ್ಮಲೂರು
9 ಜೂನ್ 2024, ಭಾನುವಾರ
(ಇದನ್ನು ಅಂಚೆಗೆ ಹಾಕಲಿಲ್ಲ)

ಲತೀಫ್ ಭಾಯ್ ಅವರಿಗೆ ನಮಸ್ಕಾರ.

ನಾನು ಕೆಂಪರಾಜ್ ಅವರ ಹೆಂಡತಿ ಯಮುನಾ. ರಸೆಲ್ ಮಾರುಕಟ್ಟೆಯ ಹಿಂದೆ ನಿಮ್ಮ ಗ್ಯಾರೇಜ್ ಇದ್ದ ಬೀದಿಗೆ ಹೋಗಿ ನಿಮ್ಮ ವಿಳಾಸ ಕೇಳಿ ಪಡೆದೆ. ಚಿಂತಾಮಣಿಯಲ್ಲಿ ಮಗಳು ಜಹನಾರಾ ಮನೆಯಲ್ಲಿದ್ದೀರಿ, ಕಿವಿ ಪೂರ್ತಿ ಹೋಗಿದೆ, ಫೋನ್ ಮಾಡಿ ಪ್ರಯೋಜನವಿಲ್ಲ, ಕಾಗದ ಹಾಕಿದರೆ ಉತ್ತರ ಬರೆಯುತ್ತೀರಿ ಎಂದರು.

ಕೆಂಪರಾಜ್ ಹೋದ ವರ್ಷ ಫೆಬ್ರವರಿ ಹದಿನಾರರಂದು ತೀರಿಕೊಂಡರು. ಹೃದಯಾಘಾತ. ಬೆಳಗ್ಗೆ ಏಳು ಗಂಟೆಗೆ ಷೆಡ್ಡಿನ ಬಾಗಿಲು ತೆಗೆಯಲು ಹೋದವರು. ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ಅವರ ಕಾರಿನ ಎಂಜಿನ್ ಷೆಡ್ಡಿನಲ್ಲಿ ಸ್ಟ್ಯಾಂಡಿನ ಮೇಲಿದೆ. 2017ರ ನವೆಂಬರಿನಲ್ಲಿ ಊರಾಚೆಯ ಏರ್‌ಸ್ಟ್ರಿಪ್ಪಿನಲ್ಲಿ, ರೇಸಿಗೆ ಮುಂಚಿನ ಟ್ರಯಲ್‌ನಲ್ಲಿ ಒಡೆದ ಅದೇ ಎಂಜಿನ್. ಕೂಡಿಸಿದವರು ನೀವು, ಓಡಿಸಿದವರು ಅವರು. ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಬಾಗಿದ್ದವು. ನಿಮಿಷಕ್ಕೆ ಎಂಟು ಸಾವಿರ ಸುತ್ತಿಗೆ ಏರಿಸಿ ಅವರೇ ಒಡೆದರು ಎಂದು ನೀವು ಹೇಳಿದಿರಿ. ಮೀಟರಿನ ಮುಳ್ಳು ಏಳು ಸಾವಿರದ ಮಿತಿ ದಾಟಲೇ ಇಲ್ಲ ಎಂದು ಅವರು ಹೇಳಿದರು. ಗ್ಯಾರೇಜಿನವರೆಲ್ಲ ನಿಮ್ಮ ಮಾತು ನಂಬಿದರು. ಕೆಂಪರಾಜ್ ಆ ಬೀದಿಗೆ ಬಂದರೆ, "ಎಂಟು ಸಾವಿರ ಬಂತು ನೋಡ್ರೋ" ಎಂದು ನಗುತ್ತಿದ್ದರಂತೆ. ಅವರು ಹೋಗುವುದನ್ನೇ ಬಿಟ್ಟರು. ಕಾರು ಓಡಿಸುವುದನ್ನೂ ಬಿಟ್ಟರು.

ನಾನೂ ನಿಮ್ಮ ಮಾತನ್ನೇ ನಂಬಿದೆ. ಊಟಕ್ಕೆ ಕೂತಾಗ, "ಇರ್ಬೋದು ರೀ, ಆ ಹೊತ್ತಲ್ಲಿ ಮುಳ್ಳು ಯಾರು ನೋಡ್ತಾರೆ" ಎಂದಿದ್ದೆ. ಅವರು ಊಟ ಮುಗಿಸಿ ಎದ್ದು, ತಟ್ಟೆ ತೊಳೆದಿಟ್ಟು ಹೋದರು. ಆಮೇಲೆ ಒಂದೇ ಒಂದು ಸಲ ಬಿಟ್ಟರೆ ಆ ವಿಷಯ ನಮ್ಮ ಮನೆಯಲ್ಲಿ ಬರಲಿಲ್ಲ.

ಐದು ವರ್ಷದಲ್ಲಿ ಅವರು ಪಿಸ್ಟನ್, ವಾಲ್ವ್ ಎಲ್ಲ ಹೊಸದು ಹಾಕಿ ಕೂಡಿಸಿದ್ದಾರೆ. ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟಿನ ಪುಲ್ಲಿಗಳನ್ನು ಮಾತ್ರ ಮುಟ್ಟಲಿಲ್ಲ. ನೀವು ಬೋಲ್ಟು ಬಿಗಿದು ಕೆಂಪು ನೇಲ್‌ಪಾಲಿಷ್ ಹಚ್ಚಿ ಗುರುತು ಮಾಡಿದ್ದು ಹಾಗೇ ಇದೆ. ಅಂದರೆ ವಾಲ್ವ್ ಯಾವ ಗಳಿಗೆಗೆ ತೆರೆಯಬೇಕೆಂದು ನೀವು ಕೂಡಿಸಿದ್ದಿರೋ ಅದು ಇವತ್ತಿಗೂ ಅದರಲ್ಲೇ ಇದೆ. ಅಳೆದರೆ ಗೊತ್ತಾಗುತ್ತದೆ. ನನಗೆ ಅಳೆಯುವುದನ್ನು ಹೇಳಿಕೊಡಿ. ಅವರು ಹೇಳಿದ್ದು ನಿಜವೇ ಎಂದು ನನಗೆ ತಿಳಿಯಬೇಕು.

ಯಮುನಾ


ದೊಮ್ಮಲೂರು
10 ಜೂನ್ 2024

ಲತೀಫ್ ಭಾಯ್ ಅವರಿಗೆ ನಮಸ್ಕಾರ.

ನಾನು ದೊಮ್ಮಲೂರಿನ ಕೆಂಪರಾಜ್ ಅವರ ಹೆಂಡತಿ ಯಮುನಾ. ಎಂಜಿನ್ ಮತ್ತೆ ಕೂಡಿಸುವ ಕೆಲಸ ನಡೆದಿದೆ. ಕ್ಯಾಮ್ ಟೈಮಿಂಗ್ ಅಳೆಯುವಲ್ಲಿಗೆ ಬಂದು ನಿಂತಿದೆ. ಡಯಲ್ ಗೇಜ್, ಡಿಗ್ರಿ ಗುರುತಿರುವ ಚಕ್ರ, ಕ್ಯಾಮ್ ಜೊತೆ ಬಂದ ಅಳತೆ ಕಾರ್ಡು, ಮೂರೂ ಇವೆ. ಅಳೆಯುವ ಕ್ರಮ ಗೊತ್ತಿಲ್ಲ. ನೀವು ಬರೆದು ತಿಳಿಸಿದರೆ ಉಪಕಾರ. ಬರೆಯುತ್ತಿರುವುದು ನಾನು, ಕೆಂಪರಾಜ್ ಅವರ ಅಕ್ಷರ ನಿಮಗೆ ಗೊತ್ತೇ ಇದೆ.

ಯಮುನಾ


ಚಿಂತಾಮಣಿ
21 ಜೂನ್ 2024

ಕೆಂಪರಾಜ್‌ಗೆ ಲತೀಫ್‌ನ ಸಲಾಂ.

ಏಳು ವರ್ಷದ ಮೇಲೆ ಕಾಗದ ಬಂತು, ಅದೂ ಹೆಂಡತಿ ಕೈಲಿ ಬರೆಸಿದ್ದು. ನಿನ್ನ ಅಕ್ಷರ ಗೊತ್ತು ಗುರು, ನಿನ್ನ ಜಂಬವೂ ಗೊತ್ತು.

ಕ್ರಮ ಗೊತ್ತಿಲ್ಲವಂತೆ. ಹತ್ತು ವರ್ಷ ನನ್ನ ಪಕ್ಕ ಟಾರ್ಚ್ ಹಿಡಿದು ನಿಂತವನಿಗೆ ಕ್ರಮ ಗೊತ್ತಿಲ್ಲ. ಹೇಗೆ ಗೊತ್ತಿರುತ್ತದೆ? ಟಾರ್ಚ್ ಎಂಜಿನ್ ಮೇಲೆ, ಕಣ್ಣು ಟೀ ಅಂಗಡಿ ಮೇಲೆ. ಯಮುನಮ್ಮನವರೇ, ಇದನ್ನು ನೀವು ಓದಿ ಹೇಳುವುದು ಬೇಡ, ಅವನ ಕೈಗೇ ಕೊಡಿ. ನನ್ನ ಬೈಗುಳ ಅವನೇ ಓದಲಿ.

ಮೊದಲು ಒಂದನೇ ಪಿಸ್ಟನ್ ತೀರಾ ಮೇಲಕ್ಕೆ ಬರುವ ಜಾಗ ಹುಡುಕು. ಕಾರ್ಖಾನೆಯವರು ಹಾಕಿದ ಗೀರನ್ನು ನಂಬಬೇಡ. ಪಿಸ್ಟನ್ ಮೇಲೆ ಬಂದು ಒಂದು ಗಳಿಗೆ ನಿಂತು ಇಳಿಯುತ್ತದೆ; ಆ ನಿಂತ ಜಾಗ ಕಣ್ಣಿಗೆ ಸಿಗುವುದಿಲ್ಲ. ಪ್ಲಗ್ ತೆಗೆದು ಆ ತೂತಿಗೆ ತಡೆಯುವ ಬೋಲ್ಟು ಹಾಕು. ಕ್ರ್ಯಾಂಕನ್ನು ಸ್ಪ್ಯಾನರಿನಿಂದ ನಿಧಾನವಾಗಿ ಒಂದು ಕಡೆ ತಿರುಗಿಸು. ತಡೆದಾಗ ಚಕ್ರದ ಅಂಕಿ ಬರೆದುಕೋ. ಇನ್ನೊಂದು ಕಡೆ ತಿರುಗಿಸು, ಬರೆದುಕೋ. ಎರಡರ ನಟ್ಟನಡುವೆ ಮೇಲಿನ ತುದಿ. ಚಕ್ರದ ಸೊನ್ನೆಯನ್ನು ಅಲ್ಲಿಗೆ ತಂದು ಕೂರಿಸು. ಅದಾದ ಮೇಲೆ ಬರೆ, ಮುಂದಿನದು ಹೇಳುತ್ತೇನೆ. ಎಲ್ಲ ಒಟ್ಟಿಗೆ ಹೇಳಿದರೆ ನೀನು ಕೊನೆಯದನ್ನು ಮೊದಲು ಮಾಡುತ್ತೀಯ.

ಇಲ್ಲಿ ಮಗಳು, ಅಳಿಯ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಕಿವಿ ಕೇಳದವನ ಹತ್ತಿರ ಎಲ್ಲರೂ ಬೇಕಾದಷ್ಟೇ ಮಾತಾಡುತ್ತಾರೆ: ಊಟ, ಮಾತ್ರೆ, ಸ್ನಾನ. ನಿನ್ನ ಕಾಗದ ಬಂದದ್ದು ಒಳ್ಳೆಯದಾಯಿತು.

ಲತೀಫ್


ದೊಮ್ಮಲೂರು
7 ಜುಲೈ 2024, ಭಾನುವಾರ

ಲತೀಫ್ ಭಾಯ್ ಅವರಿಗೆ ನಮಸ್ಕಾರ.

ನೀವು ಹೇಳಿದಂತೆ ಮಾಡಿದ್ದಾಯಿತು. ಮೊದಲ ಸಲ ಒಂದು ಕಡೆ 31 ಬಂತು, ಇನ್ನೊಂದು ಕಡೆ 27. ಚಕ್ರವನ್ನು ಎರಡು ಡಿಗ್ರಿ ಸರಿಸಿದ ಮೇಲೆ ಎರಡು ಕಡೆಯೂ 29. ಮೂರು ಸಲ ನೋಡಿದ್ದೇನೆ. ಇಂದಿರಾನಗರದಲ್ಲಿ ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಒಂದು ಸಲ ಬಂದ ಅಂಕಿಯನ್ನು ನಾವು ಅಂಕಿ ಎನ್ನುವುದಿಲ್ಲ.

ಷೆಡ್ಡಿನ ಕೆಲಸ ನನಗೆ ರಜೆ ಇರುವ ಭಾನುವಾರ ಮಾತ್ರ ಆಗುತ್ತದೆ. ಆದ್ದರಿಂದ ತಡವಾಯಿತು. ನಿಮ್ಮ ಪತ್ರವನ್ನು ಎಂಜಿನ್ ಪಕ್ಕದಲ್ಲೇ ಇಟ್ಟುಕೊಂಡಿದ್ದೆ, ಮೂಲೆಗೆ ಸ್ವಲ್ಪ ಆಯಿಲ್ ತಾಗಿದೆ.

ನಿಮ್ಮ ಬೈಗುಳಕ್ಕೆ ಅವರು ಏನೂ ಹೇಳಲಿಲ್ಲ.

ಯಮುನಾ


ಚಿಂತಾಮಣಿ
16 ಜುಲೈ 2024

ಕೆಂಪ,

ಏನೂ ಹೇಳಲಿಲ್ಲ ಅಂದರೆ ಚೆನ್ನಾಗೇ ನಾಟಿದೆ. ಇನ್ನೊಂದು ವಿಷಯವೂ ಗೊತ್ತಾಯಿತು. ಕೆಲಸ ಯಮುನಮ್ಮನ ರಜೆಯ ದಿನ ಮಾತ್ರ ಆಗುತ್ತದಂತೆ. ಅಂದರೆ ಸ್ಪ್ಯಾನರ್ ಅವರ ಕೈಲಿ, ಕುರ್ಚಿ ನಿನ್ನ ಕೆಳಗೆ. ಹೆಂಡತಿ ಕೈಲಿ ಎಂಜಿನ್ ಕೂಡಿಸುವ ಮೊದಲನೇ ಡ್ರೈವರ್ ನೀನೇ ಇರಬೇಕು. ಇರಲಿ, ಅವರ 29 ಮತ್ತು 29 ನೋಡಿ ನನಗೆ ಹೊಟ್ಟೆಕಿಚ್ಚಾಯಿತು. ನಿನ್ನಿಂದ ಅಷ್ಟು ಆಗುತ್ತಿರಲಿಲ್ಲ.

ಯಮುನಮ್ಮನವರೇ, ಇನ್ನು ನಿಮಗೇ ಹೇಳುತ್ತೇನೆ. ಗಾಳಿ ಒಳಗೆ ಬಿಡುವ ವಾಲ್ವಿನ ತಲೆ ಮೇಲೆ ಡಯಲ್ ಗೇಜಿನ ಮೊನೆ ಕೂರಿಸಿ. ಕ್ರ್ಯಾಂಕ್ ತಿರುಗಿಸುತ್ತಾ ಹೋದರೆ ವಾಲ್ವ್ ಪೂರ್ತಿ ತೆರೆದು ಮತ್ತೆ ಮುಚ್ಚಿಕೊಳ್ಳುತ್ತದೆ. ಪೂರ್ತಿ ತೆರೆಯುವುದಕ್ಕೆ ಒಂದು ಮಿಲಿಮೀಟರ್ ಮುಂಚಿನ ಅಂಕಿ, ಒಂದು ಮಿಲಿಮೀಟರ್ ನಂತರದ ಅಂಕಿ ಬರೆದುಕೊಂಡು ನಡುವಿನದು ತೆಗೆಯಿರಿ. ಕಾರ್ಡಿನಲ್ಲಿ ಇರುವುದು 108 ಡಿಗ್ರಿ. ಅದಕ್ಕಿಂತ ಕಡಿಮೆ ಬಂದರೆ ವಾಲ್ವ್ ಬೇಗ ತೆರೆಯುತ್ತಿದೆ, ಮೇಲೆ ಬರುವ ಪಿಸ್ಟನ್ನಿಗೆ ಬಡಿಯುತ್ತದೆ.

ಒಂದೇ ಒಂದು ನಿಯಮ. ಕ್ಯಾಮ್ ಅಳೆಯುವಾಗ ಎಂಜಿನ್ ತಿರುಗುವ ದಿಕ್ಕಿಗೇ ತಿರುಗಿಸಬೇಕು. ಗುರುತು ಕೂದಲೆಳೆಯಷ್ಟು ದಾಟಿತು ಅಂತ ಹಿಂದಕ್ಕೆ ತರಬಾರದು. ತಂದರೆ ಬೆಲ್ಟಿನ ಸಡಿಲ ಇನ್ನೊಂದು ಕಡೆಗೆ ಹೋಗುತ್ತದೆ, ಗೇಜು ಸುಳ್ಳು ಹೇಳುತ್ತದೆ. ಬೆಲ್ಟು ಬಿಗಿಯುವ ಟೆನ್ಷನರ್ ಸಡಿಲ ಇದ್ದರಂತೂ ಕೇಳಲೇಬೇಡಿ. ದಾಟಿದರೆ ಪೂರ್ತಿ ಎರಡು ಸುತ್ತು ಸುತ್ತಿ ಮತ್ತೆ ಬನ್ನಿ. ಬೇಜಾರಾಗುತ್ತದೆ. ಆದರೂ ಸುತ್ತಿ.

ಮುಂದಿನ ತಿಂಗಳು ನಾನೇ ಬಂದುಬಿಡಲೇ? ಬಸ್ಸಿನಲ್ಲಿ ಎರಡು ಗಂಟೆ ದಾರಿ. ಈಗ ಎಂಜಿನ್ ಸದ್ದು ಕೇಳುವುದಿಲ್ಲ, ಆದರೆ ಅಂಗೈ ಇಟ್ಟರೆ ಎಲ್ಲ ಗೊತ್ತಾಗುತ್ತದೆ.

ಲತೀಫ್


ದೊಮ್ಮಲೂರು
28 ಜುಲೈ 2024, ಭಾನುವಾರ

ಲತೀಫ್ ಭಾಯ್ ಅವರಿಗೆ ನಮಸ್ಕಾರ.

ಬರುವುದು ಬೇಡ. ಪೈಪು ಹಾಕಲು ನಮ್ಮ ರಸ್ತೆ ಅಗೆದಿದ್ದಾರೆ, ನಿಮಗೆ ಕಷ್ಟವಾಗುತ್ತದೆ. ಇನ್ನೊಂದು ಕಾರಣವೂ ಇದೆ, ಮುಂದೆ ಎಂದಾದರೂ ಬರೆಯುತ್ತೇನೆ.

ನೀವು ಬಿಗಿದಿದ್ದ ಪುಲ್ಲಿಯನ್ನು ಮುಟ್ಟದೆ, ಹೊಸ ಬೆಲ್ಟು ಹಾಕಿ, ಟೆನ್ಷನರ್ ಬಿಗಿದು ಅಳೆದೆ. 101 ಬಂತು.

ನನ್ನದೇ ತಪ್ಪಿರಬಹುದು. ಇದನ್ನು ಬೇರೆ ಯಾರಿಗೂ ತೋರಿಸಿಲ್ಲ. ಎಲ್ಲಿ ತಪ್ಪಿದೆ ಎಂದು ಹೇಳಿ.

ಯಮುನಾ


ದೊಮ್ಮಲೂರು
25 ಆಗಸ್ಟ್ 2024, ಭಾನುವಾರ

ಲತೀಫ್ ಭಾಯ್ ಅವರಿಗೆ ನಮಸ್ಕಾರ.

ನಾಲ್ಕು ವಾರವಾಯಿತು, ನಿಮ್ಮ ಉತ್ತರ ಬರಲಿಲ್ಲ. ಆರೋಗ್ಯವಾಗಿದ್ದೀರಿ ಎಂದುಕೊಂಡಿದ್ದೇನೆ.

ಮೂರು ಭಾನುವಾರ ಸೇರಿ ಒಂಬತ್ತು ಸಲ ಅಳೆದೆ. ಪ್ರತಿ ಸಲವೂ ಗೇಜ್ ಬಿಚ್ಚಿ ಮೊದಲಿನಿಂದ ಶುರು ಮಾಡಿದೆ. ನೂರೂವರೆಗಿಂತ ಕಡಿಮೆ ಬರಲಿಲ್ಲ, ನೂರಾ ಒಂದೂವರೆಗಿಂತ ಹೆಚ್ಚು ಬರಲಿಲ್ಲ.

ಹತ್ತನೆಯ ಸಲ ಬೇಕೆಂದೇ ನಿಮ್ಮ ನಿಯಮ ಮುರಿದೆ. ಟೆನ್ಷನರನ್ನು ಅರ್ಧ ಸಡಿಲ ಬಿಟ್ಟು, ಗುರುತು ದಾಟಿಸಿ, ಕೂದಲೆಳೆಯಷ್ಟು ಹಿಂದಕ್ಕೆ ತಂದೆ. ಆಗ 108 ಬಂತು.

ಅಂಕಿಗಳನ್ನಷ್ಟೇ ಬರೆದಿದ್ದೇನೆ.

ಯಮುನಾ


ಚಿಂತಾಮಣಿ
29 ಸೆಪ್ಟೆಂಬರ್ 2024

ಕೆಂಪ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು.

ಟ್ರಯಲ್‌ನ ಹಿಂದಿನ ದಿನ. ನಮ್ಮ ಜಹನಾರಾಳನ್ನು ನೋಡಲು ಚಿಂತಾಮಣಿಯಿಂದ ನಾಲ್ಕು ಗಂಟೆಗೆ ಬರುವವರಿದ್ದರು. ನೀನು ಊಟಕ್ಕೆ ಹೋಗಿದ್ದೆ. ಎರಡೂವರೆ ಆಗಿತ್ತು, ಮನೆಗೆ ಸಿಹಿ ತೆಗೆದುಕೊಂಡು ಹೋಗಬೇಕಿತ್ತು. ಕೊನೆಯ ಅಳತೆಯಲ್ಲಿ ಗುರುತು ದಾಟಿತು. ಎರಡು ಸುತ್ತು ಸುತ್ತಿ ಬರಬೇಕಿತ್ತು. ಟೆನ್ಷನರ್ ಕೂಡ ಪೂರ್ತಿ ಬಿಗಿದಿರಲಿಲ್ಲ. ನಾನು ಕೂದಲೆಳೆಯಷ್ಟು ಹಿಂದಕ್ಕೆ ತಂದೆ. ಲೆಕ್ಕ ಸರಿಯಾಗಿ 108 ಬಂತು. ಬೋಲ್ಟು ಬಿಗಿದೆ, ಬಣ್ಣ ಹಚ್ಚಿದೆ, ಕೈ ತೊಳೆದು ಮನೆಗೆ ಹೋದೆ.

ನಲವತ್ತು ವರ್ಷದಲ್ಲಿ ಅದೊಂದೇ ಸಲ ಎಂದು ಬರೆಯಲು ಹೊರಟಿದ್ದೆ. ಅದೂ ನಿಜವೋ ಏನೋ. ಉಳಿದವು ಒಡೆಯಲಿಲ್ಲ, ಅಷ್ಟೇ ನನಗೆ ಗೊತ್ತು.

ಮಾರನೆಯ ದಿನ ಸುದ್ದಿ ಬಂದಾಗ ಬೀದಿಯವರೆಲ್ಲ ನನ್ನ ಮುಖ ನೋಡಿದರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ: "ಎಂಟು ಸಾವಿರಕ್ಕೆ ತಗೊಂಡ್ಹೋಗಿರ್ತಾನೆ ಬಡ್ಡಿಮಗ." ಎಲ್ಲರೂ ನಕ್ಕರು. ಅವರು ನಕ್ಕ ಮೇಲೆ ಅದೇ ನಿಜವಾಯಿತು. ನಾನೂ ನಂಬಿದೆ. ಯಮುನಮ್ಮ 101 ಎಂದು ಬರೆಯುವವರೆಗೂ ನಂಬಿಕೊಂಡೇ ಇದ್ದೆ. ಅದನ್ನು ಓದಿದಾಗ ಆ ಮಧ್ಯಾಹ್ನ ಪೂರ್ತಿ ನೆನಪಿಗೆ ಬಂತು, ಸಿಹಿಯ ಡಬ್ಬಿಯ ಬಣ್ಣದ ಸಮೇತ.

ನೀನು ಏಳು ಸಾವಿರ ದಾಟಿಸಲಿಲ್ಲ. ಒಡೆದವನು ನಾನು.

ಇದನ್ನು ಕಾಗದದಲ್ಲಿ ಹೇಳಿ ಮುಗಿಸುವುದು ಸರಿಯಲ್ಲ. ಅಕ್ಟೋಬರ್ ಆರು, ಭಾನುವಾರ ಬರುತ್ತೇನೆ. ರಸ್ತೆ ಅಗೆದಿದ್ದರೂ ಬರುತ್ತೇನೆ. ನಿನ್ನ ಮುಂದೆ ನಿಂತು ಹೇಳುತ್ತೇನೆ. ನೀನು ಬೈದರೆ ನನಗೆ ಕೇಳುವುದಿಲ್ಲ, ಆದ್ದರಿಂದ ಸಾಕು ಅನ್ನುವವರೆಗೆ ಬೈ.

ಲತೀಫ್


ದೊಮ್ಮಲೂರು
3 ಅಕ್ಟೋಬರ್ 2024
(ಸ್ಪೀಡ್ ಪೋಸ್ಟ್)

ಲತೀಫ್ ಭಾಯ್ ಅವರಿಗೆ ನಮಸ್ಕಾರ.

ಆರನೇ ತಾರೀಖು ಬರಬೇಡಿ. ಕೆಂಪರಾಜ್ ಇಲ್ಲ. ಜೂನ್ ಒಂಬತ್ತರಂದು ನಿಮಗೆ ಬರೆದು, ಹಾಕದೆ ಇಟ್ಟುಕೊಂಡಿದ್ದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಮೊದಲು ಅದನ್ನು ಓದಿ.

ಸತ್ತವರ ಎಂಜಿನ್ ಎಂದರೆ ನೀವು ಸಮಾಧಾನದ ಮಾತು ಬರೆಯುತ್ತೀರಿ, ಅಳೆಯುವ ಕ್ರಮ ಬರೆಯುವುದಿಲ್ಲ ಎಂದು ಹೆದರಿ ಮಾರನೆಯ ದಿನ ಬೇರೆ ಕಾಗದ ಹಾಕಿದೆ. ಅದರಲ್ಲಿ ಸುಳ್ಳು ಇರದಂತೆ ನೋಡಿಕೊಂಡೆ. ಆಮೇಲಿನವುಗಳಲ್ಲೂ ಹಾಗೇ ನೋಡಿಕೊಂಡೆ. ಅದರಿಂದ ನನ್ನ ತಪ್ಪು ಕಡಿಮೆಯಾಗುವುದಿಲ್ಲ.

ನಿಮ್ಮ ಮೊದಲ ಪತ್ರ ಬಂದಾಗಲೇ ಹೇಳಬಹುದಿತ್ತು. ಅದರಲ್ಲಿ ನೀವು ಅವರನ್ನು ಬೈದಿದ್ದಿರಿ. ಅವರು ಹೋದಾಗಿನಿಂದ ಯಾರೂ ಅವರನ್ನು ಬೈದಿರಲಿಲ್ಲ. ಮನೆಗೆ ಬಂದವರೆಲ್ಲ ಹೊಗಳಿ ಹೋಗುತ್ತಿದ್ದರು, ಹೊಗಳಿಸಿಕೊಳ್ಳುತ್ತಿದ್ದ ಮನುಷ್ಯ ಯಾರೆಂದು ನನಗೆ ಗುರುತು ಸಿಗುತ್ತಿರಲಿಲ್ಲ. ಟಾರ್ಚ್ ಎಂಜಿನ್ ಮೇಲೆ, ಕಣ್ಣು ಟೀ ಅಂಗಡಿ ಮೇಲೆ ಎಂದು ಬರೆದಿದ್ದಿರಿ. ಅವರು ಕೆಂಪರಾಜ್. ಇನ್ನೊಂದು ಕಾಗದ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. ಹಾಗೆ ತಿಂಗಳುಗಳಾದವು.

ಒಂದೇ ಒಂದು ಸಲ ಆ ವಿಷಯ ಮಾತಾಡಿದ್ದೆವು ಎಂದು ಆ ಕಾಗದದಲ್ಲಿದೆ. ಎಲ್ಲ ಬಿಚ್ಚಿ ಕೂಡಿಸಿದಿರಿ, ಪುಲ್ಲಿ ಮಾತ್ರ ಏಕೆ ಅಳೆದು ನೋಡುವುದಿಲ್ಲ ಎಂದು ಕೇಳಿದ್ದೆ. "ಅವ್ನೇ ಬಂದು ಅಳೀಲಿ" ಎಂದರು. "ನಾನು ಮುಟ್ಟಿದ್ರೆ ನಾನೇ ತಿರುಗಿಸ್ದೆ ಅಂತಾರೆ." ಐದು ವರ್ಷ ಕಾದರು. ನೀವು ಬರುತ್ತೀರಿ ಎನ್ನುವುದರಲ್ಲಿ ಅವರಿಗೆ ಅನುಮಾನ ಇರಲಿಲ್ಲ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ನಾನು ಬರೆಯಲಾರೆ. ಅದು ನನ್ನ ಹತ್ತಿರ ಇಲ್ಲ. ನಾನೂ ಅವರ ಹತ್ತಿರ ಕೇಳಬೇಕಾದವಳೇ.

ಯಮುನಾ


ಚಿಂತಾಮಣಿ
27 ಅಕ್ಟೋಬರ್ 2024

ಯಮುನಮ್ಮನವರಿಗೆ ಲತೀಫ್‌ನ ಸಲಾಂ.

ಹತ್ತು ದಿನ ನಿಮ್ಮ ಮೇಲೆ ಸಿಟ್ಟಿತ್ತು. ಸತ್ತವನನ್ನು ಜಂಬಗಾರ ಎಂದು ಬರೆಯುತ್ತಾ ಹೋದೆ, ನೀವು ತಡೆಯಲಿಲ್ಲ. ಕುರ್ಚಿ ನಿನ್ನ ಕೆಳಗೆ ಎಂದು ಬರೆದು ಇಲ್ಲಿ ಒಬ್ಬನೇ ಕೂತು ನಕ್ಕಿದ್ದೆ. ಆಮೇಲೆ ಸಿಟ್ಟು ಇಳಿಯಿತು. ಆ ನಾಲ್ಕು ತಿಂಗಳು ನಾನೂ ಅವನ ಜೊತೆ ಮಾತಾಡಿದಂತೇ ಇತ್ತು.

ಶನಿವಾರ ಶಿವಾಜಿನಗರಕ್ಕೆ, ನಮ್ಮ ಗ್ಯಾರೇಜ್ ಇದ್ದ ಬೀದಿಗೆ ಹೋಗಿದ್ದೆ. ಸುಳ್ಳು ಹೇಳಿದ ಜಾಗದಲ್ಲೇ ನಿಜ ಹೇಳಬೇಕು ಎಂದುಕೊಂಡೆ. ಜನ ಏನು ಹೇಳುತ್ತಾರೆ ಎಂದು ಬರೆದು ತೋರಿಸಲು ಜಹನಾರಾ ಜೊತೆಗೆ ಬೇಕಿತ್ತು, ಆದ್ದರಿಂದ ಮೊದಲು ಅವಳಿಗೆ ಹೇಳಬೇಕಾಯಿತು, ಅವಳನ್ನು ನೋಡಲು ಬಂದ ದಿನವೇ ಹೀಗಾಯಿತೆಂದು. ಬಸ್ಸಿನಲ್ಲಿ ಹೊಸಕೋಟೆವರೆಗೂ ಕಿಟಕಿಯ ಕಡೆಗೇ ನೋಡುತ್ತಿದ್ದಳು.

ಐದು ಗ್ಯಾರೇಜಿನಲ್ಲಿ ಎರಡು ಉಳಿದಿವೆ. ಮೂರರಲ್ಲಿ ಮೊಬೈಲ್ ಕವರು ಮಾರುತ್ತಾರೆ. ಉಳಿದ ಗ್ಯಾರೇಜುಗಳಲ್ಲಿ ಒಂದರಲ್ಲಿ ಕೂತವನಿಗೆ ಕೆಂಪರಾಜ್ ಯಾರೆಂದೇ ಗೊತ್ತಿಲ್ಲ. ಇನ್ನೊಂದರಲ್ಲಿ ಟಿಂಕರಿಂಗ್ ಅಮೃತಪ್ಪ ಇದ್ದಾನೆ. ಅವತ್ತು ಎಲ್ಲರಿಗಿಂತ ಜೋರಾಗಿ ನಕ್ಕವನು ಅವನೇ. ಅವನಿಗೆ ಮೊದಲಿನಿಂದ ಹೇಳಿದೆ: ಅಳತೆ ತಪ್ಪಿದವನು ನಾನು, ಕೆಂಪರಾಜ್ ಅಲ್ಲ. ಅವನು ಬಹಳ ಹೊತ್ತು ಯೋಚನೆ ಮಾಡಿ ಏನೋ ಹೇಳಿದ. ಜಹನಾರಾ ಬರೆದು ತೋರಿಸಿದಳು. "ಎಂಟು ಸಾವಿರ ಅಂತಿದ್ವಲ್ಲ, ಅವ್ನು ಮಹದೇವಪುರದವ್ನಲ್ವೇನೋ?"

ಅಲ್ಲ, ದೊಮ್ಮಲೂರಿನವನು ಎಂದೆ. ಇರಬಹುದು ಎಂದು ತಲೆ ಆಡಿಸಿ ಟೀ ತರಿಸಿದ.

ಐದು ವರ್ಷ ಆ ಬೀದಿಗೆ ಬರಲಾಗದೆ ಒಬ್ಬ ಮನೆಯಲ್ಲಿ ಕೂತ. ಬೀದಿಯವರಿಗೆ ನೆನಪೇ ಇಲ್ಲ. ಇದನ್ನು ನಿಮಗೆ ಬರೆಯಬಾರದಿತ್ತೇನೋ. ಆದರೆ ಇನ್ನು ಏನನ್ನೂ ಮುಚ್ಚಿಡುವುದಿಲ್ಲ ಎಂದು ತೀರ್ಮಾನಿಸಿದ್ದೇನೆ.

ದೊಮ್ಮಲೂರಿನ ಬಸ್ಸು ಎದುರಿಗೇ ಬಂದು ನಿಂತಿತ್ತು. ಜಹನಾರಾ ಕೈ ಹಿಡಿದಳು. ನಾನು ಹತ್ತಲಿಲ್ಲ.

ಆ ಬಣ್ಣ ಕೆರೆದು ಬೋಲ್ಟು ಸಡಿಲಿಸಿ. 108ಕ್ಕೆ ಕೂಡಿಸಿ ಬಿಗಿಯಿರಿ. ಬಿಗಿದ ಮೇಲೆ ಮತ್ತೆ ಅಳೆಯಿರಿ, ಬಿಗಿಯುವಾಗ ಸರಿಯುತ್ತದೆ. ಸ್ಟಾರ್ಟ್ ಮಾಡುವ ಮುಂಚೆ ಎರಡು ಸುತ್ತು ಸ್ಪ್ಯಾನರಿನಿಂದ ತಿರುಗಿಸಿ, ಎಲ್ಲೂ ತಡೆಯಬಾರದು. ನಿಮಗೆ ಹೇಳಬೇಕಾದ್ದಿಲ್ಲ, ಆದರೂ ಹೇಳಿದೆ.

ಲತೀಫ್


ದೊಮ್ಮಲೂರು
17 ನವೆಂಬರ್ 2024, ಭಾನುವಾರ

ಲತೀಫ್ ಭಾಯ್ ಅವರಿಗೆ ನಮಸ್ಕಾರ.

ಬಿಗಿದ ಮೇಲೆ 109 ಬಂತು. ಸಡಿಲಿಸಿ ಮತ್ತೆ ಕೂಡಿಸಿದೆ. ಮೂರು ಸಲ 108. ಎರಡು ಸುತ್ತು ತಿರುಗಿಸಿದೆ, ಎಲ್ಲೂ ತಡೆಯಲಿಲ್ಲ.

ಎಂಜಿನನ್ನು ಸ್ಟ್ಯಾಂಡಿನ ಮೇಲೇ ಓಡಿಸುವಂತೆ ಪೆಟ್ರೋಲ್ ಕ್ಯಾನು, ರೇಡಿಯೇಟರ್, ಸ್ವಿಚ್ಚು ಎಲ್ಲ ಅವರೇ ಜೋಡಿಸಿಟ್ಟಿದ್ದರು. ಬ್ಯಾಟರಿ ಮಾತ್ರ ಹೊಸದು ತಂದೆ. ಇವತ್ತು ಬೆಳಗ್ಗೆ ಹತ್ತೂ ನಲವತ್ತಕ್ಕೆ ಸ್ಟಾರ್ಟ್ ಮಾಡಿದೆ. ಮೂರನೇ ಸಲಕ್ಕೆ ಹಿಡಿಯಿತು. ಮೊದಲು ಹೊಗೆ ಬಂತು, ಆಮೇಲೆ ಹೊಗೆ ನಿಂತಿತು. ಅಷ್ಟು ದೊಡ್ಡ ಸದ್ದು ಎಂದು ನನಗೆ ಗೊತ್ತಿರಲಿಲ್ಲ. ಷೆಡ್ಡಿನ ತಗಡು ನಡುಗುತ್ತಿತ್ತು. ನೀವು ಹೇಳಿದ್ದಿರಲ್ಲ ಎಂದು ಅಂಗೈ ಇಟ್ಟು ನೋಡಿದೆ. ನನಗೆ ಏನೂ ಗೊತ್ತಾಗಲಿಲ್ಲ, ಬಿಸಿ ಗೊತ್ತಾಯಿತು.

ಬಿಸಿಯಾದ ಮೇಲೆ ಸ್ವಲ್ಪಸ್ವಲ್ಪವೇ ಏರಿಸುತ್ತಾ ಹೋದೆ. ಏನೂ ಒಡೆಯಲಿಲ್ಲ.

ಹನ್ನೊಂದು ನಿಮಿಷ ಆಗಿತ್ತು, ಮೇಲಿನ ಮನೆಯಿಂದ ನಂದಿತಾ ಇಳಿದು ಬಂದಳು. ಅವರು ಬಾಡಿಗೆಗೆ ಬಂದು ಎರಡು ತಿಂಗಳಾಗಿದೆ, ಕೆಂಪರಾಜ್ ಅವರನ್ನು ನೋಡಿಲ್ಲ. ಬಾಗಿಲಲ್ಲಿ ನಿಂತು ಏನು ಎಂದು ಕೈಯಲ್ಲಿ ಕೇಳಿದಳು. "ನಮ್ಮ ಮನೆಯವರ ಎಂಜಿನ್ನು" ಎಂದೆ. ಸದ್ದಿನಲ್ಲಿ ಕೇಳಿಸಲಿಲ್ಲ. ಕೂಗಿ ಹೇಳಬೇಕಾಯಿತು. ಅವಳು ತಲೆ ಆಡಿಸಿದಳು. ನಾನು ಅಲ್ಲಿಗೆ ನಿಲ್ಲಿಸಬಹುದಿತ್ತು.

"ಇದನ್ನ ಅವರು ಒಡೆದಿರಲಿಲ್ಲ" ಎಂದು ಕೂಗಿದೆ.

ಅವಳು ನನ್ನ ಮುಖವನ್ನೇ ನೋಡಿದಳು. ಹತ್ತಿರ ಬಂದು ನನ್ನ ಕಿವಿಯ ಹತ್ತಿರ ಬಾಯಿ ತಂದು ಹೇಳಿದಳು. "ಸರಿ ಆಂಟಿ. ಪಾಪು ಈಗ್ತಾನೆ ಮಲಗ್ತು."

ಆಫ್ ಮಾಡಿದೆ. ಅವಳು ಥ್ಯಾಂಕ್ಸ್ ಹೇಳಿ ಮೇಲೆ ಹೋದಳು. ಎಂಜಿನ್ ತಣ್ಣಗಾಗುವವರೆಗೆ ಷೆಡ್ಡಿನಲ್ಲೇ ಕೂತಿದ್ದೆ. ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು.

ಯಮುನಾ